ಅಗಹೋಜೊ-ಶಾಲೋಮ್ ಯುವಗ್ರಾಮ

ಅಗಹೋಜೊ-ಶಾಲೋಮ್ ಯುವಗ್ರಾಮವು ರುವಾಂಡಾ ದೇಶದ ಪೂರ್ವ ಪ್ರಾಂತ್ಯದ ರ್ವಾಮಗಾನ ಜಿಲ್ಲೆಯ ರುಬೊನ ಎಂಬಲ್ಲಿರುವ ವಸತಿ ಸಮುದಾಯ ಹಾಗೂ ಪ್ರೌಢಶಾಲೆ. ಅನಾಥರೂ ಕಡುಬಡವರೂ ಆದ ಹದಿಹರೆಯದವರಿಗಾಗಿ ಇದು 2008ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಕಿನ್ಯರ್ವಾಂಡ ಭಾಷೆಯ ‘ಅಗಹೋಜೊ’ ಪದಕ್ಕೆ ಕಣ್ಣೀರು ಒರೆಸುವ ತಾಣವೆಂದು ಅರ್ಥ; ‘ಶಾಲೋಮ್’ ಎಂಬುದು ಹೀಬ್ರೂ ಭಾಷೆಯಲ್ಲಿ ಶಾಂತಿ.

ಹಿನ್ನೆಲೆ

1994ರ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು 100 ದಿನಗಳ ನರಮೇಧದಲ್ಲಿ 8 ಲಕ್ಷದಷ್ಟು ಜನ ಹತರಾದರೆಂಬುದು ಸಾಮಾನ್ಯವಾಗಿ ಉಲ್ಲೇಖಿತವಾಗುವ ಅಂದಾಜು. ಮೃತರಲ್ಲಿ ಬಹುಪಾಲು ಟುಟ್ಸಿಗಳು. ಬದುಕುಳಿದ ಅನಾಥ ಮಕ್ಕಳಲ್ಲಿ ಅನೇಕರನ್ನು ಬಂಧುಗಳೂ ನೆರೆಹೊರೆಯವರೂ ಸಾಕಿಕೊಂಡರು. ಬಂಧುಬಳಗವೇ ಅಳಿದುಹೋದ ಕಡೆ ಹಿರಿಯ ಮಗುವೇ ಶಾಲೆ ಬಿಟ್ಟು, ಹೊಲಗೆಲಸ ಮಾಡಿ, ತಮ್ಮ-ತಂಗಿಯರನ್ನು ಸಲಹಬೇಕಾಯಿತು. ಮಕ್ಕಳೇ ಯಜಮಾನರಾದ ಇಂಥ ಸಾವಿರಾರು ಕುಟುಂಬಗಳಿದ್ದವು. ಏಡ್ಸ್ ರೋಗವು ಅನಾಥರ ಸಂಖ್ಯೆಯನ್ನು ಇನ್ನಷ್ಟು ಹೆಚ್ಚಿಸಿತು.

ಸ್ಥಾಪನೆ

ದಕ್ಷಿಣ ಆಫ್ರಿಕದಲ್ಲಿ ಜನಿಸಿ ನ್ಯೂಯಾರ್ಕಿನಲ್ಲಿ ವಕೀಲೆಯಾಗಿದ್ದ ಆ್ಯನ್ ಹೇಮನ್ ಇದರ ಸ್ಥಾಪಕಿ. 2005ರಲ್ಲಿ ಕೇಳಿದ ಒಂದು ಉಪನ್ಯಾಸದಿಂದ ಅವರಿಗೆ ರುವಾಂಡಾದ ಅನಾಥರ ಸ್ಥಿತಿ ತಿಳಿಯಿತು. ಎರಡನೆಯ ಮಹಾಯುದ್ಧದ ನಂತರ ಯೆಹೂದಿ ಅನಾಥ ಮಕ್ಕಳಿಗೆ ಇಸ್ರೇಲಿನ ಯುವಗ್ರಾಮಗಳು ಆಶ್ರಯ ನೀಡಿದ್ದವು. ಅವುಗಳಲ್ಲೊಂದಾದ, 1953ರಲ್ಲಿ ಸ್ಥಾಪಿತವಾದ ಯೆಮಿನ್ ಒರ್ಡೆಯನ್ನು ಹೇಮನ್ ಮಾದರಿಯಾಗಿ ಆರಿಸಿಕೊಂಡರು. ಗ್ರಾಮದ ವಿಸ್ತೀರ್ಣ 144 ಎಕರೆ. ಹೇಮನ್ 2014ರ ಜನವರಿಯಲ್ಲಿ ಕುದುರೆಯಿಂದ ಬಿದ್ದು ನಿಧನರಾದರು.

ಜೀವನಕ್ರಮ

ಇಲ್ಲಿ ಸುಮಾರು 500 ವಿದ್ಯಾರ್ಥಿಗಳಿಗೆ ಅವಕಾಶವಿದೆ. ಸಾಮಾನ್ಯ ಅನಾಥಾಲಯದಂತೆ ದೊಡ್ಡ ಕೊಠಡಿಗಳಲ್ಲಿ ಸಾಲು ಹಾಸಿಗೆಗಳ ವ್ಯವಸ್ಥೆ ಇಲ್ಲಿಲ್ಲ. ಮಕ್ಕಳು ಸಣ್ಣ ಗುಂಪುಗಳಾಗಿ ಪ್ರತ್ಯೇಕ ಮನೆಗಳಲ್ಲಿ ವಾಸಿಸುತ್ತಾರೆ. ಪ್ರತಿ ಮನೆಗೂ ‘ಮಾಮಾ’ ಎಂದು ಕರೆಯಲಾಗುವ ಒಬ್ಬ ಸಾಕುತಾಯಿ ಇರುತ್ತಾರೆ. ಮೊದಲ ತಂಡದ ಸಾಕುತಾಯಂದಿರಲ್ಲಿ ಹಲವರು ನರಮೇಧದಲ್ಲಿ ಪತಿಯನ್ನೋ ಮಕ್ಕಳನ್ನೋ ಕಳೆದುಕೊಂಡವರು. ಈ ಸಂಸ್ಥೆಯ ಅತ್ಯಂತ ಮಹತ್ವದ ಅಂಗ ಬಹುಶಃ ಇದೇ.

ವ್ಯಾಸಂಗದ ಅವಧಿ ನಾಲ್ಕು ವರ್ಷ. ಮೊದಲ ವರ್ಷ ಹಿಂದುಳಿದ ವಿಷಯಗಳನ್ನು ಸರಿದೂಗಿಸಲು ಮೀಸಲು. ಸರ್ಕಾರವು 2008ರಲ್ಲಿ ಬೋಧನಾ ಮಾಧ್ಯಮವನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ಬದಲಿಸಲು ನಿರ್ಧರಿಸಿದ್ದರಿಂದ, ಅದುವರೆಗೆ ಫ್ರೆಂಚಿನಲ್ಲಿ ಕಲಿತಿದ್ದವರಿಗೆ ಈ ವರ್ಷ ಅನಿವಾರ್ಯವೇ ಆಗಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಸೇವೆ ಸಲ್ಲಿಸುವುದೂ ಶಿಕ್ಷಣದ ಭಾಗ.

1994ರಲ್ಲಿ ಕೂಸುಗಳಾಗಿದ್ದವರು ಗ್ರಾಮ ಆರಂಭವಾದಾಗ 14ರ ಹರೆಯದವರು. ಆ ಪೀಳಿಗೆ ಓದು ಮುಗಿಸಿ ಹೊರನಡೆದ ಮೇಲೆ, ನರಮೇಧದ ಅನಂತರ ಹುಟ್ಟಿ ಬೇರೆ ಕಾರಣಗಳಿಂದ ನಿರ್ಗತಿಕರಾದ ಮಕ್ಕಳಿಗೆ ಪ್ರವೇಶ ನೀಡಲಾಗುತ್ತಿದೆ.

ಸೌರವಿದ್ಯುತ್ ಸ್ಥಾವರ

ಗ್ರಾಮದ ಜಮೀನಿನ ಒಂದು ಭಾಗವನ್ನು ಗುತ್ತಿಗೆಗೆ ಪಡೆದು 8.5 ಮೆಗಾವಾಟ್ ಸಾಮರ್ಥ್ಯದ ಸೌರವಿದ್ಯುತ್ ಸ್ಥಾವರವನ್ನು ನಿರ್ಮಿಸಲಾಗಿದೆ. 2014ರಿಂದ ದೇಶದ ವಿದ್ಯುತ್ ಜಾಲಕ್ಕೆ ಪೂರೈಕೆ ನಡೆಯುತ್ತಿದೆ. ಸುಮಾರು 28 ಸಾವಿರ ಫಲಕಗಳನ್ನು ಆಫ್ರಿಕ ಖಂಡದ ಆಕಾರದಲ್ಲಿ ಜೋಡಿಸಲಾಗಿದ್ದು, ಜಮೀನಿನ ಬಾಡಿಗೆಯು ಗ್ರಾಮದ ವೆಚ್ಚಕ್ಕೆ ನೆರವಾಗುತ್ತದೆ.