ಎರಡನೆಯ ಪರದೆ ಮೇಜಿಗೆ ಬಂದ ಬಗೆ

1945ರ ಜುಲೈ ತಿಂಗಳ 'ದಿ ಅಟ್ಲಾಂಟಿಕ್' ಪತ್ರಿಕೆಯಲ್ಲಿ ವ್ಯಾನೆವರ್ ಬುಷ್ ಎಂಬ ಅಮೆರಿಕದ ಎಂಜಿನಿಯರ್ ಒಂದು ಮೇಜನ್ನು ವರ್ಣಿಸಿದರು. ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಜ್ಞಾನ ಸಂಶೋಧನೆಯ ಹೊಣೆ ಹೊತ್ತಿದ್ದವರು ಅವರು. ಓದಿ ಮುಗಿಸಲಾಗದಷ್ಟು ಬರಹಗಳು ರಾಶಿ ಬೀಳುತ್ತಿರುವಾಗ ಬೇಕಾದದ್ದನ್ನು ಹುಡುಕಿ ಒಂದಕ್ಕೊಂದು ಜೋಡಿಸುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರ ಊಹೆಯ ಮೇಜಿನೊಳಗೆ ಪುಸ್ತಕಗಳು ಮೈಕ್ರೋಫಿಲ್ಮ್ ರೂಪದಲ್ಲಿ ಅಡಗಿರುತ್ತವೆ, ಮೇಲೆ ಓರೆಯಾಗಿ ನಿಂತ ಪರದೆಗಳಲ್ಲಿ ಅವುಗಳ ಪುಟಗಳು ಮೂಡುತ್ತವೆ. ಉದಾಹರಣೆಗೆ ಅವರು ತೆಗೆದುಕೊಂಡದ್ದು ಬಿಲ್ಲಿನ ಇತಿಹಾಸ ಓದುತ್ತಿರುವ ಒಬ್ಬ ವ್ಯಕ್ತಿಯನ್ನು. ತುರ್ಕಿಯ ಗಿಡ್ಡ ಬಿಲ್ಲು ಇಂಗ್ಲಿಷರ ಉದ್ದ ಬಿಲ್ಲಿಗಿಂತ ಮೇಲಾದದ್ದೇಕೆ ಎಂದು ಹುಡುಕುತ್ತಿರುವ ಆತ ಎರಡು ಬರಹಗಳನ್ನು ಅಕ್ಕಪಕ್ಕ ತಂದುಕೊಂಡು, ಒಂದನ್ನು ಇನ್ನೊಂದಕ್ಕೆ ಕೊಂಡಿ ಹಾಕುತ್ತಾನೆ.

'ಮೆಮೆಕ್ಸ್' ಎಂಬ ಈ ಯಂತ್ರವನ್ನು ಯಾರೂ ಕಟ್ಟಲಿಲ್ಲ. ಹೈಪರ್‌ಟೆಕ್ಸ್ಟ್‌ನ ಚರಿತ್ರೆ ಬರೆಯುವವರು ಅದರ ಕೊಂಡಿಗಳನ್ನು ನೆನೆಯುತ್ತಾರೆ. ಆದರೆ ಆ ಲೇಖನದಲ್ಲಿ ಇನ್ನೊಂದು ಸಾದಾ ಸಂಗತಿಯಿದೆ: ಕೊಂಡಿ ಹಾಕುವ ಹೊತ್ತಿಗೆ ಎರಡು ಬರಹಗಳೂ ಕಣ್ಣೆದುರು ಒಟ್ಟಿಗೇ ಇರಬೇಕು. ಇವತ್ತು ಮನೆಯ ಮೇಜಿಗೆ ಎರಡು ಮಾನಿಟರ್ ಆರಿಸಲು ಹೊರಟವರ ಅಗತ್ಯವೂ ಬಹುಪಾಲು ಇದೇ.

ಈ ಅಗತ್ಯ ಗಣಕಯಂತ್ರಕ್ಕಿಂತ ಬಹಳ ಹಳೆಯದು. 1588ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಯಂತ್ರಗಳ ಪುಸ್ತಕವೊಂದರಲ್ಲಿ ಇಟಲಿಯ ಅಗೊಸ್ಟಿನೊ ರಾಮೆಲ್ಲಿ ಒಂದು ಚಕ್ರದ ಚಿತ್ರ ಕೊಟ್ಟಿದ್ದರು. ಆಳೆತ್ತರದ ಚಕ್ರದ ಸುತ್ತ ಪುಸ್ತಕಪೀಠಗಳು, ಒಂದೊಂದರ ಮೇಲೂ ತೆರೆದಿಟ್ಟ ಪುಸ್ತಕ. ಓದುವವನು ಕುಳಿತಲ್ಲೇ ಚಕ್ರ ತಿರುಗಿಸಿದರೆ ಮುಂದಿನ ಪುಸ್ತಕ ಎದುರಿಗೆ ಬರುತ್ತದೆ. ನಮ್ಮಲ್ಲಿ ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಹಲವು ಓಲೆಪ್ರತಿಗಳನ್ನು ಹರಡಿಕೊಂಡು ಕುಳಿತದ್ದೂ ಇದೇ ಕಾರಣಕ್ಕೆ. ಒಂದು ಪ್ರತಿಯಲ್ಲಿರುವ ಪದ ಇನ್ನೊಂದರಲ್ಲಿ ಬೇರೆಯಾಗಿದ್ದರೆ ಎರಡನ್ನೂ ಒಟ್ಟಿಗೆ ನೋಡದೆ ಪಾಠಾಂತರ ಗುರುತಿಸುವುದು ಹೇಗೆ?

ಓಲೆಗರಿ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅದರ ಅಗಲ, ಎತ್ತರಗಳನ್ನು ಕವಿಯಾಗಲಿ ಲಿಪಿಕಾರನಾಗಲಿ ನಿರ್ಧರಿಸಲಿಲ್ಲ, ತಾಳೆಮರ ನಿರ್ಧರಿಸಿತು. ಒಂದೆರಡು ಅಡಿ ಉದ್ದ, ಎರಡು ಮೂರು ಬೆರಳಿನಷ್ಟು ಎತ್ತರ. ಅಷ್ಟುದ್ದದ ಸಾಲಿನಲ್ಲಿ ಕಣ್ಣು ದಾರಿ ತಪ್ಪುವುದು ಸಹಜ. ದಾರ ಪೋಣಿಸುವ ತೂತುಗಳ ಸುತ್ತ ಜಾಗ ಬಿಟ್ಟು, ಉದ್ದನೆಯ ಗರಿಯನ್ನು ಅಂಕಣಗಳಾಗಿ ಒಡೆದು ಬರೆದ ಪ್ರತಿಗಳುಂಟು. ಬರಹಕ್ಕೆಂದು ಹುಟ್ಟದ ಹಾಳೆಯನ್ನು ಬರಹಕ್ಕೆ ಒಗ್ಗಿಸಿಕೊಂಡ ಕ್ರಮ ಅದು. ಮಾನಿಟರಿನ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ.

ಆ ಕಥೆ ಸರಿಯಾಗಿಯೇ ಶುರುವಾಗಿತ್ತು. 1973ರಲ್ಲಿ ಕ್ಯಾಲಿಫೋರ್ನಿಯಾದ ಜೆರಾಕ್ಸ್ ಸಂಶೋಧನಾ ಕೇಂದ್ರದಲ್ಲಿ ತಯಾರಾದ 'ಆಲ್ಟೊ' ಗಣಕದ ಪರದೆ ನಿಂತ ಹಾಳೆಯ ಹಾಗಿತ್ತು. ಅಡ್ಡಕ್ಕೆ 606 ಚುಕ್ಕಿ, ಎತ್ತರಕ್ಕೆ 808 ಚುಕ್ಕಿ, ಬಿಳಿಯ ಮೇಲೆ ಕಪ್ಪು ಅಕ್ಷರ. ಕಾಗದದ ಮೇಲೆ ಹೇಗೆ ಮುದ್ರಣವಾಗುತ್ತದೋ ಹಾಗೆಯೇ ಪರದೆಯಲ್ಲೂ ಕಾಣಬೇಕು ಎಂಬುದು ಅದನ್ನು ಕಟ್ಟಿದವರ ಹಟ. 1981ರಲ್ಲಿ ಅದೇ ಸಂಸ್ಥೆ ಮಾರಾಟಕ್ಕೆ ತಂದ 'ಸ್ಟಾರ್' ಗಣಕ 808 ಚುಕ್ಕಿಗಳ ಎತ್ತರವನ್ನು ಹಾಗೆಯೇ ಉಳಿಸಿಕೊಂಡು ಅಗಲವನ್ನು ಮಾತ್ರ 1024ಕ್ಕೆ ಹೆಚ್ಚಿಸಿತು. ಮೊದಲು ಒಂದು ಪುಟದ ಎತ್ತರ, ಆಮೇಲೆ ಪಕ್ಕದಲ್ಲಿ ಇನ್ನಷ್ಟು ಜಾಗ ಎಂಬ ಕ್ರಮ ಅಲ್ಲಿತ್ತು.

ಜಗತ್ತು ಕೊಂಡದ್ದು ಮಾತ್ರ ಬೇರೆಯದನ್ನು. ಅದೇ 1981ರ ಆಗಸ್ಟ್‌ನಲ್ಲಿ ಬಂದ ಐಬಿಎಂ ಪಿಸಿಯ ಪರದೆಯಲ್ಲಿ ಕಾಣುತ್ತಿದ್ದದ್ದು 25 ಸಾಲು. ಟೈಪ್ ಮಾಡಿದ ಹಾಳೆಯ ಅರ್ಧವೂ ಅಲ್ಲಿ ಹಿಡಿಯುತ್ತಿರಲಿಲ್ಲ. ಆದರೆ ಎರಡು ಪರದೆಗಳ ಚರಿತ್ರೆ ವಿಚಿತ್ರ ರೀತಿಯಲ್ಲಿ ಈ ಯಂತ್ರದಲ್ಲೇ ಶುರುವಾಗುತ್ತದೆ. ಬರೀ ಅಕ್ಷರ ತೋರಿಸುವ ಏಕವರ್ಣದ ಕಾರ್ಡು ಒಂದು, ಬಣ್ಣದ ಚಿತ್ರ ತೋರಿಸುವ ಕಾರ್ಡು ಇನ್ನೊಂದು. ಎರಡೂ ಬಳಸುತ್ತಿದ್ದ ಸ್ಮೃತಿಯ ವಿಳಾಸಗಳು ಬೇರೆ ಬೇರೆಯಾಗಿದ್ದುದರಿಂದ ಒಂದೇ ಯಂತ್ರದಲ್ಲಿ ಎರಡನ್ನೂ ಕೂರಿಸಬಹುದಿತ್ತು. 1983ರಲ್ಲಿ ಬಂದ 'ಲೋಟಸ್ 1-2-3' ಈ ಅನುಕೂಲವನ್ನು ಬಳಸಿಕೊಂಡು ಒಂದು ಪರದೆಯಲ್ಲಿ ಲೆಕ್ಕದ ಅಂಕಣಗಳನ್ನೂ ಇನ್ನೊಂದರಲ್ಲಿ ಅದರ ನಕ್ಷೆಯನ್ನೂ ತೋರಿಸುತ್ತಿತ್ತು. ಮುಂದೆ ಪ್ರೋಗ್ರಾಮರುಗಳು ಒಂದು ಪರದೆಯಲ್ಲಿ ತಮ್ಮ ಪ್ರೋಗ್ರಾಂ ಓಡಿಸಿ, ಅದರ ದೋಷಗಳನ್ನು ಇನ್ನೊಂದರಲ್ಲಿ ಬೆನ್ನಟ್ಟಿದರು.

ಇವು ಎರಡು ಪರದೆಗಳೇ ಹೊರತು ಒಂದೇ ಹರವಲ್ಲ. ಒಂದು ಕಡೆಯ ಕಿಟಕಿಯನ್ನು ಮೌಸಿನಿಂದ ಎಳೆದು ಇನ್ನೊಂದು ಕಡೆಗೆ ದಾಟಿಸುವ ಅನುಭವ ಸಾಮಾನ್ಯ ಕೊಳ್ಳುಗರಿಗೆ ಸಿಕ್ಕಿದ್ದು 1987ರ ಮ್ಯಾಕಿಂಟೋಷ್ 2ರಲ್ಲಿ. ಅದರಲ್ಲಿ ಆರು ಕಾರ್ಡುಗಳಿಗೆ ಜಾಗವಿತ್ತು. ಯಾವ ಮಾನಿಟರ್ ಎಡಕ್ಕಿದೆ, ಯಾವುದು ಬಲಕ್ಕಿದೆ ಎಂಬುದನ್ನು ಪುಟ್ಟ ಚೌಕಗಳನ್ನು ಎಳೆದು ಯಂತ್ರಕ್ಕೆ ತಿಳಿಸಬಹುದಿತ್ತು. ಇಂದಿನ ಸೆಟ್ಟಿಂಗ್ಸ್‌ನಲ್ಲೂ ನಾವು ಮಾಡುವುದು ಅದನ್ನೇ. ಮ್ಯಾಕಿಂಟೋಷ್ ಕಟ್ಟಿದ ತಂಡದಿಂದ ಹೊರಬಂದವರು ಸ್ಥಾಪಿಸಿದ 'ರೇಡಿಯಸ್' ಕಂಪನಿ ಅದೇ ಕಾಲಕ್ಕೆ ಇಡೀ ಪುಟ ಹಿಡಿಸುವ ನಿಂತ ಮಾನಿಟರನ್ನು ಮಾರುತ್ತಿತ್ತು. ಪುಸ್ತಕ, ಪತ್ರಿಕೆಗಳ ಪುಟ ಕಟ್ಟುವವರು ಅದರ ಗಿರಾಕಿಗಳು. ವಿಂಡೋಸ್ ಬಳಸುವವರು ಮಾತ್ರ 1998ರವರೆಗೆ ಕಾಯಬೇಕಾಯಿತು. ವಿಂಡೋಸ್ 98 ಒಂಬತ್ತು ಪರದೆಗಳವರೆಗೆ ಅವಕಾಶ ಕೊಟ್ಟಿತಾದರೂ ಮೇಜು ಒಪ್ಪಲಿಲ್ಲ. ದೊಡ್ಡ ಗಾಜಿನ ಕೊಳವೆಯ ಮಾನಿಟರ್ ಒಂದನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಹತ್ತಿರ ಹತ್ತಿರ ಇಟ್ಟರೆ ಒಂದರ ಕಾಂತಕ್ಷೇತ್ರ ಇನ್ನೊಂದರ ಚಿತ್ರವನ್ನು ನಡುಗಿಸುತ್ತಿತ್ತು. ಚಪ್ಪಟೆ ಎಲ್‌ಸಿಡಿ ಅಗ್ಗವಾದ ಮೇಲೆ, 2000ದ ದಶಕದ ನಡುವಿನಿಂದೀಚೆಗೆ, ಎರಡನೆಯ ಪರದೆ ನಿಜಕ್ಕೂ ಮೇಜಿಗೆ ಬಂತು.

ಆದರೆ ಅಷ್ಟು ಹೊತ್ತಿಗೆ ಪರದೆಯ ಆಕಾರವೇ ಬದಲಾಗತೊಡಗಿತ್ತು. ಇದಕ್ಕೆ ಕಾರಣ ಕಚೇರಿಯಲ್ಲಿರಲಿಲ್ಲ, ಚಿತ್ರಮಂದಿರದಲ್ಲಿತ್ತು. ಎಡಿಸನ್ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ 35 ಮಿಲಿಮೀಟರ್ ಫಿಲ್ಮಿನ ಚೌಕಟ್ಟನ್ನು ನಾಲ್ಕು ತೂತುಗಳ ಎತ್ತರಕ್ಕೆ ನಿಗದಿ ಮಾಡಿದಾಗ ಹುಟ್ಟಿದ್ದು 4:3 ಎಂಬ ಪ್ರಮಾಣ. ಟಿವಿ ಅದನ್ನು ಸಿನಿಮಾದಿಂದ ಪಡೆಯಿತು, ಗಣಕ ಟಿವಿಯಿಂದ ಪಡೆಯಿತು. ಟಿವಿಗೆ ಸೋಲಬಾರದೆಂದು ಸಿನಿಮಾ 1953ರಲ್ಲಿ ಸಿನಿಮಾಸ್ಕೋಪ್‌ನೊಂದಿಗೆ ಅಗಲವಾಯಿತು. 1980ರ ದಶಕದಲ್ಲಿ ಹೊಸ ಟಿವಿಯ ಮಾನದಂಡ ಹುಡುಕುವಾಗ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಚಾಲ್ತಿಯಲ್ಲಿದ್ದ ಚೌಕಟ್ಟುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, ಎಲ್ಲವನ್ನೂ ಒಳಗೊಳ್ಳುವ ರಾಜಿ ಪ್ರಮಾಣವಾಗಿ 16:9 ಅನ್ನು ಸೂಚಿಸಿದರು. ಕನ್ನಡದಲ್ಲಿ ಚಿತ್ರಮಂದಿರದ್ದಕ್ಕೂ ಗಣಕದ್ದಕ್ಕೂ ಪರದೆ ಎಂಬ ಒಂದೇ ಮಾತು ಸಲ್ಲುತ್ತದೆ. ಆಕಾರದ ವಿಷಯದಲ್ಲಿ ಅದು ಬರೀ ಮಾತಾಗಿ ಉಳಿಯಲಿಲ್ಲ.

2000ದ ದಶಕದ ಒಳ್ಳೆಯ ಅಗಲ ಮಾನಿಟರುಗಳ ಪ್ರಮಾಣ 16:10 ಆಗಿತ್ತು, ಅಂದರೆ 1920 ಚುಕ್ಕಿ ಅಗಲ, 1200 ಚುಕ್ಕಿ ಎತ್ತರ. 2008ರಿಂದ ಎರಡು ಮೂರು ವರ್ಷಗಳಲ್ಲಿ ಮಾರುಕಟ್ಟೆಯ ಬಹುಭಾಗ 1920×1080ಕ್ಕೆ ಸರಿಯಿತು. ಟಿವಿಗೂ ಮಾನಿಟರಿಗೂ ಒಂದೇ ಪ್ರಮಾಣವಿದ್ದರೆ ಕಾರ್ಖಾನೆಗೆ ಸಲೀಸು, ದೊಡ್ಡ ಗಾಜಿನ ಹಾಳೆಯಿಂದ ಹೆಚ್ಚು ತುಂಡುಗಳನ್ನು ಕತ್ತರಿಸಬಹುದು. ತಾಳೆಮರ ಮಾಡಿದ್ದನ್ನು ಈ ಬಾರಿ ಗಾಜಿನ ಕಾರ್ಖಾನೆ ಮಾಡಿತು.

ಕೊಳ್ಳುವವರಿಗೆ ಇದು ತಿಳಿಯಲಿಲ್ಲ, ಏಕೆಂದರೆ ಡಬ್ಬಿಯ ಮೇಲೆ ಬರೆಯುವುದು ಮೂಲೆಯಿಂದ ಮೂಲೆಗಿರುವ ಅಳತೆಯನ್ನು. 24 ಇಂಚು ಎಂಬ ಅದೇ ಅಳತೆಯಲ್ಲಿ 4:3 ಪರದೆಯ ಹರವು ಸುಮಾರು 276 ಚದರ ಇಂಚು, 16:10ರದ್ದು 259, 16:9ರದ್ದು 246. ಹೆಸರು ಒಂದೇ, ಜಾಗ ಕಡಿಮೆ. ಅದರಲ್ಲೂ ನಷ್ಟವಾದದ್ದು ಎತ್ತರ. ಎ4 ಹಾಳೆಯ ಎತ್ತರ 29.7 ಸೆಂಟಿಮೀಟರ್. 24 ಇಂಚಿನ 16:9 ಪರದೆಯ ಎತ್ತರ 29.9. ಹಾಳೆಯನ್ನು ನಿಜ ಅಳತೆಯಲ್ಲಿ ತೆರೆದರೆ ಮೆನು ಪಟ್ಟಿಗೆ, ಕೆಳಗಿನ ಟಾಸ್ಕ್‌ಬಾರ್‌ಗೆ ಉಳಿಯುವುದು ಎರಡು ಮಿಲಿಮೀಟರ್. 16:10ರಲ್ಲಾದರೆ ಎತ್ತರ 32.3, ಹಾಳೆಯ ಮೇಲೆ ಕೆಳಗೆ ಎರಡೂವರೆ ಸೆಂಟಿಮೀಟರ್ ಸಿಗುತ್ತದೆ. ಅಗಲ ಎರಡರಲ್ಲೂ 50 ಸೆಂಟಿಮೀಟರಿಗಿಂತ ಹೆಚ್ಚು, ಎರಡು ಎ4 ಹಾಳೆಗಳಿಗೆ ಬೇಕಾದದ್ದು 42. ಅಂದರೆ ಎರಡು ಪೂರ್ಣ ಪುಟಗಳನ್ನು ಅಕ್ಕಪಕ್ಕ ಇಡಬಲ್ಲ ಒಂದು ಪರದೆ, 120 ಸಾಲು ಚುಕ್ಕಿಗಳ ಉಳಿತಾಯಕ್ಕಾಗಿ ಒಂದು ಪೂರ್ಣ ಪುಟವನ್ನೂ ನೆಮ್ಮದಿಯಾಗಿ ತೋರಿಸಲಾರದ ಪರದೆಯಾಯಿತು. ಎರಡನೆಯ ಮಾನಿಟರಿನ ಜನಪ್ರಿಯತೆಗೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಬರಹದ ಕೆಲಸದವರು ಕೊಂಡದ್ದರಲ್ಲಿ ಒಂದು ಪಾಲು, ಮೊದಲನೆಯದು ಕಳೆದುಕೊಂಡದ್ದನ್ನು ತುಂಬಿಸುವ ಖರ್ಚು.

ಕನ್ನಡಕ್ಕೆ ಈ ಎತ್ತರ ಇನ್ನೂ ದುಬಾರಿ. ಇಂಗ್ಲಿಷ್ ಅಕ್ಷರ ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಕನ್ನಡದ್ದು ಮಹಡಿ ಕಟ್ಟುತ್ತದೆ: ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು. 'ಸ್ತ್ರೀ', 'ರಾಷ್ಟ್ರ' ಬಂದರೆ ಎರಡೆರಡು ಒತ್ತು. ಐಬಿಎಂ ಪಿಸಿಯ ಅಕ್ಷರ ಪರದೆ ಪ್ರತಿ ಅಕ್ಷರಕ್ಕೆ ಕೊಡುತ್ತಿದ್ದದ್ದು 9×14 ಚುಕ್ಕಿಗಳ ಒಂದೇ ಗಾತ್ರದ ಗೂಡು. ಭಾರತೀಯ ಲಿಪಿಗಳು ಅದರಲ್ಲಿ ಹಿಡಿಯುವಂತಿರಲಿಲ್ಲ. 1980ರ ದಶಕದಲ್ಲಿ ಐಐಟಿ ಕಾನ್ಪುರದಲ್ಲಿ ರೂಪುಗೊಂಡು, 1988ರಲ್ಲಿ ಪುಣೆಯಲ್ಲಿ ಆರಂಭವಾದ ಸಿ-ಡಾಕ್ ಬೆಳೆಸಿದ ಜಿಸ್ಟ್ ಕಾರ್ಡ್ ಅದಕ್ಕಾಗಿಯೇ ಬೇಕಾಯಿತು. ಲಿಪಿಯ ಜೋಡಣೆಯನ್ನು ಆ ಕಾರ್ಡೇ ನಿಭಾಯಿಸುತ್ತಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಂದಿಗೆ ಯೂನಿಕೋಡ್ ಕನ್ನಡ ಬಂದಾಗ ಕಾರ್ಡಿನ ಅಗತ್ಯ ಉಳಿಯಲಿಲ್ಲ. ಚುಕ್ಕಿಗಳ ಬರ ಮಾತ್ರ ಉಳಿಯಿತು.

ಎಕ್ಸ್‌ಪಿಯ ಜೊತೆಗೇ ಬಂದ 'ಕ್ಲಿಯರ್‌ಟೈಪ್' ಈ ಬರಕ್ಕೆ ಅರ್ಧ ಪರಿಹಾರ. ಎಲ್‌ಸಿಡಿಯ ಪ್ರತಿ ಚುಕ್ಕಿಯೊಳಗೆ ಕೆಂಪು, ಹಸಿರು, ನೀಲಿ ಪಟ್ಟಿಗಳು ಅಡ್ಡಡ್ಡಕ್ಕೆ ಸಾಲಾಗಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸುವ ಉಪಾಯ ಅದು. ಆದರೆ ಆರಂಭದ ರೂಪದಲ್ಲಿ ಅದರ ಲಾಭವೆಲ್ಲ ಅಡ್ಡ ದಿಕ್ಕಿಗೆ ಮಾತ್ರ. ಕನ್ನಡಕ್ಕೆ ಕೊರತೆಯಿದ್ದದ್ದು ಲಂಬ ದಿಕ್ಕಿನಲ್ಲಿ. 24 ಇಂಚಿನ 1920×1080 ಪರದೆಯಲ್ಲಿ ಒಂದು ಇಂಚಿಗೆ 92 ಚುಕ್ಕಿಗಳಿರುತ್ತವೆ, ಮಾಮೂಲಿ ಗಾತ್ರದ ಪಠ್ಯದಲ್ಲಿ ಒಂದು ಒತ್ತಕ್ಷರಕ್ಕೆ ದಕ್ಕುವುದು ಬೆರಳೆಣಿಕೆಯಷ್ಟು. 'ದನ'ಕ್ಕೂ 'ಧನ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಗೀಟು. ಕರಡು ತಿದ್ದುವವರ ಕಣ್ಣಿಗೆ ಅದು ದಿನಕ್ಕೆ ಎಂಟು ಗಂಟೆ ಕಾಣಬೇಕು. ತಪ್ಪಿದರೆ ಹೊಣೆ ಅವರದೇ, ಮಾನಿಟರಿನದಲ್ಲ.

ಆದ್ದರಿಂದ ಎರಡು ಪರದೆಗಳ ಮೇಜಿಗೆ ಆರಿಸುವಾಗ ಇಂಚನ್ನು ಕೊನೆಗೆ ನೋಡಿದರೂ ನಡೆದೀತು. ಮೊದಲು ನೋಡಬೇಕಾದದ್ದು ಚುಕ್ಕಿಗಳ ದಟ್ಟಣೆ. 27 ಇಂಚಿನ 2560×1440 ಪರದೆಯಲ್ಲಿ ಅದು ಇಂಚಿಗೆ 109, ಅದೇ 27 ಇಂಚಿನ 3840×2160ರಲ್ಲಿ 163. ಎರಡನೆಯದರಲ್ಲಿ ಒಂದು ಅಕ್ಷರಕ್ಕೆ ಹಳೆಯ 92ರ ಪರದೆಗಿಂತ ಸುಮಾರು ಮೂರು ಪಟ್ಟು ಚುಕ್ಕಿಗಳು ಸಿಗುತ್ತವೆ. ಆಮೇಲೆ ಎತ್ತರ: 27 ಇಂಚಿನ ಪರದೆ 33.6 ಸೆಂಟಿಮೀಟರ್ ಎತ್ತರವಿದ್ದು ಎ4 ಹಾಳೆಗೂ ಮೆನುಗಳಿಗೂ ಸಾಕು. 21.5 ಇಂಚಿನದು 26.8 ಮಾತ್ರ, ಹಾಳೆಯೇ ಹಿಡಿಯದು. ಮೂರನೆಯದು ಜೋಡಿಯ ಹೊಂದಾಣಿಕೆ. ಪರದೆಗೊಂದರಂತೆ ಅಕ್ಷರದ ಗಾತ್ರ ಹೊಂದಿಸುವ ಸೌಲಭ್ಯ ವಿಂಡೋಸ್‌ಗೆ ಬಂದದ್ದೇ 2013ರ 8.1 ಆವೃತ್ತಿಯಲ್ಲಿ. ಈಗಲೂ ದಟ್ಟಣೆ ಬೇರೆ ಬೇರೆಯಿರುವ ಎರಡು ಪರದೆಗಳ ನಡುವೆ ಕಿಟಕಿ ದಾಟುವಾಗ ಅಕ್ಷರ ಹಿಗ್ಗುವುದು, ಮಸುಕಾಗುವುದು ಉಂಟು. ಎಡದಲ್ಲಿ ಮೂಲ, ಬಲದಲ್ಲಿ ಅನುವಾದ ಇಟ್ಟುಕೊಂಡು ನಿಮಿಷಕ್ಕೆ ಹತ್ತು ಸಲ ಕಣ್ಣು ಹಾಯಿಸುವವರಿಗೆ ಅದು ಸಣ್ಣ ತೊಂದರೆಯಲ್ಲ.

ಎರಡನೆಯದನ್ನು ನಿಲ್ಲಿಸಿಡುವ ದಾರಿಯೂ ಇದೆ, ರೇಡಿಯಸ್ ಕಂಪನಿ ತೋರಿಸಿದ ದಾರಿ ಅದು. 24 ಇಂಚಿನ ಪರದೆಯನ್ನು ಲಂಬವಾಗಿ ತಿರುಗಿಸಿದರೆ 53 ಸೆಂಟಿಮೀಟರ್ ಎತ್ತರ ಸಿಗುತ್ತದೆ, ಒಂದು ಹಾಳೆ ಪೂರ್ತಿ, ಕೆಳಗೆ ಇನ್ನೊಂದರ ಮುಕ್ಕಾಲು. ಆದರೆ ತಿರುಗಿಸಿದಾಗ ಆ ಕೆಂಪು, ಹಸಿರು, ನೀಲಿ ಪಟ್ಟಿಗಳೂ ತಿರುಗುತ್ತವೆ, ಅಕ್ಷರ ನಯಗೊಳಿಸುವ ಲೆಕ್ಕ ತಪ್ಪಿ ಅಂಚುಗಳಲ್ಲಿ ಬಣ್ಣ ಇಣುಕುತ್ತದೆ. ದಟ್ಟಣೆ ಹೆಚ್ಚಿರುವ ಪರದೆಯಲ್ಲಿ ಇದು ಕಣ್ಣಿಗೆ ಬೀಳದು, 92ರದ್ದರಲ್ಲಿ ಬೀಳುತ್ತದೆ. ಕತ್ತಿನ ಲೆಕ್ಕವೂ ಇದೆ: ಎರಡನ್ನೂ ಸಮನಾಗಿ ಬಳಸುವವರು ನಡುವಿನ ಸಂದನ್ನು ಮೂಗಿನ ನೇರಕ್ಕೆ ತಂದು ಎರಡನ್ನೂ ಸ್ವಲ್ಪ ಒಳಕ್ಕೆ ಬಾಗಿಸಿಡಬೇಕು. ಒಂದನ್ನೇ ಹೆಚ್ಚು ಬಳಸುವವರು ಅದನ್ನು ನೇರ ಎದುರಿಗೆ ಇಟ್ಟುಕೊಳ್ಳಬೇಕು. ಮೇಲಂಚು ಕಣ್ಣಿನ ಮಟ್ಟವನ್ನು ಮೀರಬಾರದು.

ಎತ್ತರ ನಿಧಾನವಾಗಿ ಮರಳುತ್ತಿದೆ. 2014ರ ಸರ್ಫೇಸ್ ಪ್ರೊ 3, 3:2 ಪ್ರಮಾಣಕ್ಕೆ ಬಂತು. ಮರುವರ್ಷ ಐಜೋ ಕಂಪನಿ 1920×1920ರ ಚೌಕ ಮಾನಿಟರ್ ತಂದಿತು. ಎಲ್‌ಜಿಯ 'ಡ್ಯುಯಲ್‌ಅಪ್' 2560×2880, ಎರಡು ಅಗಲ ಪರದೆಗಳನ್ನು ಒಂದರ ಮೇಲೊಂದು ಇಟ್ಟಷ್ಟು. 16:10 ಲ್ಯಾಪ್‌ಟಾಪುಗಳು ಮತ್ತೆ ಅಂಗಡಿಯಲ್ಲಿವೆ. ಆದರೂ ಅಗ್ಗದ ಸಾಲಿನಲ್ಲಿ ಈಗಲೂ ತುಂಬಿರುವುದು ಸಿನಿಮಾದ ಆಕಾರವೇ, ಅಂಗಡಿಯವರು ಅದರಲ್ಲಿ ಓಡಿಸಿ ತೋರಿಸುವುದೂ ಸಿನಿಮಾದಂಥ ದೃಶ್ಯಗಳನ್ನೇ. ಬರಹಕ್ಕಾಗಿ ಕೊಳ್ಳಲು ಹೋದವರು ಜೇಬಿನಲ್ಲಿ ಮಡಚಿದ ಒಂದು ಎ4 ಹಾಳೆ ಇಟ್ಟುಕೊಂಡು ಹೋಗಿ, ಬಿಡಿಸಿ ಪರದೆಗೆ ಹಿಡಿದು ನೋಡಬಹುದು. ಆಮೇಲೆ ಆ ದೃಶ್ಯಗಳನ್ನು ನಿಲ್ಲಿಸಿ, ಒತ್ತಕ್ಷರ ದಂಡಿಯಾಗಿರುವ ಯಾವುದಾದರೂ ಕನ್ನಡ ಪುಟವನ್ನು ತೆರೆಯಲು ಹೇಳಿ, ಮೇಜಿನ ಮುಂದೆ ಕೂತಷ್ಟೇ ದೂರ ನಿಂತು ಓದಬಹುದು.