ಎತ್ತರದ ತಂತಿ, ಎದುರಾದ ಗಾಳಿ: ಬಲೂನು ಹೊತ್ತ ಆಂಟೆನಾಗಳನ್ನು ಕುರಿತು

ಹವ್ಯಾಸಕ್ಕಾಗಿ ರೇಡಿಯೋ ನಡೆಸುವ ಹ್ಯಾಮ್‌ಗಳ ಹಳೆಯ ಕೊರಗು ಎತ್ತರದ್ದು. 160 ಮೀಟರ್ ಬ್ಯಾಂಡಿನಲ್ಲಿ, ಅಂದರೆ 1.84 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕಾಲು ತರಂಗಾಂತರದ ಲಂಬ ಆಂಟೆನಾ ಬೇಕೆಂದರೆ ಸುಮಾರು 40 ಮೀಟರ್ ತಂತಿ ನೆಟ್ಟಗೆ ನಿಲ್ಲಬೇಕು. 136 ಕಿಲೋಹರ್ಟ್ಸ್‌ಗೆ ಇಳಿದರೆ ಅದೇ ಕಾಲು ತರಂಗಾಂತರ 550 ಮೀಟರ್ ದಾಟುತ್ತದೆ. ಅಷ್ಟೆತ್ತರದ ಕಂಬ ನೆಡಿಸುವುದು ಹವ್ಯಾಸಿಗಳ ಕೈಗೆಟುಕುವ ಕೆಲಸವಲ್ಲ. ಹೀಲಿಯಂ ಅಥವಾ ಜಲಜನಕ ತುಂಬಿದ ಬಲೂನಿಗೆ ತಂತಿ ಕಟ್ಟಿ ಮೇಲಕ್ಕೆ ಬಿಡುವ ಉಪಾಯ ಹುಟ್ಟಿದ್ದು ಈ ಕೊರಗಿನಿಂದ. ಇದಕ್ಕೆ ಕೈಹಾಕುವವರು ಮೊದಲು ಕೇಳುವ ಪ್ರಶ್ನೆ, ಬಲೂನು ಎಷ್ಟು ತೂಕ ಎತ್ತೀತು ಎಂಬುದು. ಆದರೆ ಇತಿಹಾಸವನ್ನೂ ಲೆಕ್ಕವನ್ನೂ ಒಟ್ಟಿಗೆ ಓದಿದರೆ, ಬಲೂನಿನ ಗಾತ್ರವನ್ನು ತೀರ್ಮಾನಿಸುವುದು ತಂತಿಯ ತೂಕಕ್ಕಿಂತ ಹೆಚ್ಚಾಗಿ ಬೀಸುವ ಗಾಳಿ ಎಂಬುದು ನನಗೆ ಸ್ಪಷ್ಟವಾಗಿದೆ.

ಎತ್ತರಕ್ಕೆ ಇಷ್ಟೇಕೆ ಹಂಬಲಿಸಬೇಕು ಎಂಬುದಕ್ಕೆ ಒಂದು ಸೂತ್ರ ಸಾಕು. ತರಂಗಾಂತರಕ್ಕೆ ಹೋಲಿಸಿದರೆ ಗಿಡ್ಡವಾದ ಲಂಬ ತಂತಿಯ ವಿಕಿರಣ ರೋಧವು ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆ. ಅದೇ 136 ಕಿಲೋಹರ್ಟ್ಸ್‌ನ, ಅಂದರೆ 2200 ಮೀಟರ್ ಬ್ಯಾಂಡಿನಲ್ಲಿ 15 ಮೀಟರ್ ತಂತಿಗೆ ದಕ್ಕುವುದು ಸುಮಾರು 0.018 ಓಮ್. 30 ಮೀಟರಿಗೆ 0.07, 100 ಮೀಟರಿಗೆ 0.8. ನೆಲದ ಸಂಪರ್ಕದಲ್ಲಿಯೇ ಹತ್ತಾರು ಓಮ್‌ಗಳಷ್ಟು ರೋಧ ಇರುವಾಗ, ಹಿತ್ತಲಿನ ತಂತಿಗೆ ಕೊಟ್ಟ ಶಕ್ತಿಯ ಬಹುಪಾಲು ಮಣ್ಣನ್ನು ಕಾಯಿಸಲು ಖರ್ಚಾಗುತ್ತದೆ. ಎತ್ತರವನ್ನು ಇಮ್ಮಡಿಸಿದವರಿಗೆ ಲಾಭ ನಾಲ್ಮಡಿ.

ತಂತಿಯನ್ನು ಹಾರಿಸಿ ಎತ್ತುವ ಯತ್ನ ಹಳೆಯದು. ಬೋಯರ್ ಯುದ್ಧದ ಕಾಲದಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದ, ರೇಡಿಯೋ ಪ್ರವರ್ತಕ ಮಾರ್ಕೋನಿಯ ಉಪಕರಣಗಳಿಗೆ ಅಲ್ಲಿ ತಕ್ಕ ಕಂಬಗಳು ಸಿಗಲಿಲ್ಲ. ಸೇನಾಧಿಕಾರಿ ಬೇಡನ್-ಪೊವೆಲ್ ರೂಪಿಸಿದ ಗಾಳಿಪಟಗಳಿಂದ ತಂತಿ ಎತ್ತಿಸಿದರು. ಒಂದು ಠಾಣೆಯಲ್ಲಿ ಗಾಳಿಪಟ ಹಾರುತ್ತಿರುವಾಗ ಇನ್ನೊಂದರಲ್ಲಿ ಅದನ್ನು ಎತ್ತುವಷ್ಟು ಗಾಳಿಯೇ ಇಲ್ಲದಿರುವುದು ಅಲ್ಲಿನ ಪಾಡಾಯಿತು. ಎರಡೇ ವರ್ಷಗಳಲ್ಲಿ ಇದಕ್ಕೆ ತೀರ ವಿರುದ್ಧವಾದ ಕಷ್ಟ ಎದುರಾಯಿತು. 1901ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪೋಲ್ಡುವಿನ ಕಂಬಗಳ ವರ್ತುಲ ಬಿರುಗಾಳಿಗೆ ಉರುಳಿತು, ನವೆಂಬರಿನಲ್ಲಿ ಅಮೆರಿಕದ ಕೇಪ್ ಕಾಡ್‌ನದೂ ಬಿತ್ತು. ಕಂಬ ಕಟ್ಟುತ್ತ ಕೂರಲು ಮನಸ್ಸಿಲ್ಲದ ಮಾರ್ಕೋನಿ ಬಲೂನು, ಗಾಳಿಪಟಗಳೆರಡನ್ನೂ ಹೇರಿಕೊಂಡು, ಕೆಂಪ್ ಮತ್ತು ಪ್ಯಾಗೆಟ್ ಎಂಬ ಇಬ್ಬರು ಸಹಾಯಕರೊಡನೆ ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಏರಿದರು. ಡಿಸೆಂಬರ್ 11ರಂದು ಜಲಜನಕದ ಬಲೂನು ಹಗ್ಗ ಹರಿದುಕೊಂಡು ಹೊರಟುಹೋಯಿತು. ಮರುದಿನ ಒಂದು ಗಾಳಿಪಟವೂ ಕೈತಪ್ಪಿತು. ಇನ್ನೊಂದು ಗಾಳಿಪಟ ಹೊತ್ತ ಸುಮಾರು 150 ಮೀಟರ್ ತಂತಿಯಲ್ಲಿ ಪೋಲ್ಡುವಿನಿಂದ ಹೊರಟ ಮೋರ್ಸ್‌ನ ‘ಎಸ್’ ಅಕ್ಷರದ ಮೂರು ಚುಕ್ಕೆಗಳು ಕೇಳಿಸಿದವೆಂದು ಮಾರ್ಕೋನಿ ಘೋಷಿಸಿದರು. ಆ ಆಲಿಕೆಯ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ.

ಆ ದಿನದ ಒಂದು ತಾಂತ್ರಿಕ ವಿವರಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಗಾಳಿಪಟ ಏರಿಳಿದಂತೆಲ್ಲ ನೆಲಕ್ಕೂ ತಂತಿಗೂ ನಡುವಿನ ಕೆಪ್ಯಾಸಿಟೆನ್ಸ್ ಬದಲಾಗುತ್ತಿತ್ತು. ಶ್ರುತಿಗೊಳಿಸಿದ ಗ್ರಾಹಕ ಕ್ಷಣಕ್ಷಣಕ್ಕೂ ಶ್ರುತಿ ತಪ್ಪುತ್ತಿತ್ತು. ಕಡೆಗೆ ಮಾರ್ಕೋನಿ ಶ್ರುತಿಯ ಗೊಡವೆ ಬಿಟ್ಟು, ರೇಡಿಯೋ ಅಲೆಗಳನ್ನು ಪತ್ತೆಹಚ್ಚುವ ಪಾದರಸದ ಕೊಹಿಯರರ್‌ಗೆ ಟೆಲಿಫೋನಿನ ಶ್ರವಣಿಯನ್ನು ಜೋಡಿಸಿ ಆಲಿಸಬೇಕಾಯಿತು. (ಪಾದರಸದ ಕೊಹಿಯರರ್ ಕುರಿತು ಜಗದೀಶಚಂದ್ರ ಬೋಸರು 1899ರಲ್ಲೇ ಪ್ರಕಟಿಸಿದ್ದರೆಂಬುದನ್ನು ನಾವು ಮರೆಯಬಾರದು.) ತೂಗಾಡುವ ತಂತಿ ಪ್ರೇಷಕಕ್ಕೂ ಇದೇ ಕಾಟ ಕೊಡುತ್ತದೆ: ತಂತಿ ವಾಲಿದಂತೆ ಹೊಂದಾಣಿಕೆ ಕೆಡುತ್ತದೆ.

ಗಾಳಿ ಇಲ್ಲದಿರುವುದರ ಪಾಠ, ಗಾಳಿ ಮಿತಿಮೀರುವುದರ ಪಾಠ ಎರಡನ್ನೂ ಕೂಡಿಸಿಕೊಂಡ ಉಪಕರಣ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. ಸಮುದ್ರಕ್ಕೆ ಬಿದ್ದ ವಿಮಾನಗಳ ಸಿಬ್ಬಂದಿಗಾಗಿ ಅಮೆರಿಕನ್ನರು ಮಾಡಿದ ಎಸ್‌ಸಿಆರ್-578 ಎಂಬ ತುರ್ತು ಪ್ರೇಷಕ, ಜರ್ಮನ್ ಮಾದರಿಯೊಂದನ್ನು ಅನುಸರಿಸಿದ್ದು. ತೊಡೆಗಳ ನಡುವೆ ಇಟ್ಟುಕೊಂಡು ಹಿಡಿಕೆ ತಿರುಗಿಸಲು ಅನುಕೂಲವಾಗಲೆಂದು ಅದರ ನಡು ಸಣ್ಣದಾಗಿತ್ತು. ಹಿಂದಿನ ಜನಪ್ರಿಯ ಚಿತ್ರಗಳ ಸಣ್ಣ ನಡುವಿನ ಚೆಲುವೆಯರನ್ನು ನೆನಪಿಸಿದ್ದರಿಂದ ಅದಕ್ಕೆ ‘ಗಿಬ್ಸನ್ ಗರ್ಲ್’ ಎಂಬ ಹೆಸರು ಬಂತು. 500 ಕಿಲೋಹರ್ಟ್ಸ್‌ನಲ್ಲಿ ದುಡಿಯುವ ಈ ಪೆಟ್ಟಿಗೆಗೆ 300 ಅಡಿ ತಂತಿ. ಗಾಳಿಯಿದ್ದರೆ ಎತ್ತಲು ಪೆಟ್ಟಿಗೆಯಾಕಾರದ ಗಾಳಿಪಟ, ಗಾಳಿಯಿಲ್ಲದಿದ್ದರೆ ಬಲೂನು. ನೀರು ತಾಕಿದೊಡನೆ ಜಲಜನಕ ಬಿಡುಗಡೆ ಮಾಡುವ ಲಿಥಿಯಂ ಹೈಡ್ರೈಡ್ ಡಬ್ಬಿಯೂ ಜೊತೆಗಿತ್ತು. ಕಡಲಿಗೆ ಅದ್ದಿದರೆ ಬಲೂನಿಗೆ ಬೇಕಾದ ಅನಿಲ ತಯಾರು. ಆ ವಿನ್ಯಾಸಕಾರರ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಬಲೂನು ಯಾವಾಗ ಕೈಕೊಡುತ್ತದೆಂಬುದನ್ನು ಒಪ್ಪಿಕೊಂಡೇ ಅವರು ಪೆಟ್ಟಿಗೆ ತುಂಬಿದ್ದರು.

ಈಗ ಲೆಕ್ಕ. ಸಮುದ್ರಮಟ್ಟದಲ್ಲಿ ಒಂದು ಘನಮೀಟರ್ ಹೀಲಿಯಂ ಸುಮಾರು 1.05 ಕಿಲೋ ಎತ್ತುತ್ತದೆ. 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿ ವಿರಳ, ಎತ್ತುವುದು 0.93 ಕಿಲೋ ಅಷ್ಟೇ. ವ್ಯಾಸ 1.2 ಮೀಟರಿನ ಬಲೂನಿಗೆ ಅಲ್ಲಿ ಸಿಗುವ ಒಟ್ಟು ಎತ್ತುಬಲ 840 ಗ್ರಾಂ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಮೀಟರಿಗೆ 1.76 ಗ್ರಾಂ, 40 ಮೀಟರಿಗೆ ಬರೀ 70 ಗ್ರಾಂ. ಬಲೂನಿನ ಚರ್ಮಕ್ಕೆ 200, ದಾರಕ್ಕೆ 40 ಗ್ರಾಂ ಕಳೆದರೂ ಅರ್ಧ ಕಿಲೋಗಿಂತ ಹೆಚ್ಚು ಉಳಿಯುತ್ತದೆ. ಇಲ್ಲಿಗೇ ಲೆಕ್ಕ ನಿಲ್ಲಿಸಿದವರಿಗೆ ಮೈದಾನದಲ್ಲಿ ನಿರಾಸೆ ಕಾದಿರುತ್ತದೆ. ಸೆಕೆಂಡಿಗೆ 2 ಮೀಟರ್ ಗಾಳಿಯಲ್ಲಿ ದಾರ ಲಂಬದಿಂದ 12–13 ಡಿಗ್ರಿ ವಾಲುತ್ತದೆ, ಚಿಂತೆಯಿಲ್ಲ. ಗಾಳಿ 5 ಮೀಟರಿಗೇರಿದರೆ, ಎಳೆತದ ಗುಣಾಂಕವನ್ನು 0.47 ಎಂದು ಹಿಡಿದರೆ, ವಾಲಿಕೆ 54 ಡಿಗ್ರಿ; 40 ಮೀಟರ್ ತಂತಿಯ ತುದಿ 24 ಮೀಟರಿಗಿಂತ ಕೆಳಗಿಳಿಯುತ್ತದೆ. ತಂತಿಯ ಮೇಲೆಯೇ ಬೀಳುವ ಗಾಳಿಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಸೆಕೆಂಡಿಗೆ 5 ಮೀಟರ್ ಎಂದರೆ ಮರಗಳ ಎಲೆಗಳನ್ನು ಅಲುಗಾಡಿಸುವಷ್ಟು ಗಾಳಿ ಅಷ್ಟೇ. ಪರಿಹಾರ ಗಾತ್ರದಲ್ಲಿದೆ: ಎತ್ತುಬಲ ವ್ಯಾಸದ ಘನದಂತೆ ಬೆಳೆದರೆ ಎಳೆತ ವರ್ಗದಂತೆ ಬೆಳೆಯುತ್ತದೆ. ವ್ಯಾಸವನ್ನು 2.4 ಮೀಟರಿಗೆ ಹಿಗ್ಗಿಸಿದರೆ ಅದೇ ಗಾಳಿಯಲ್ಲಿ ವಾಲಿಕೆ 27 ಡಿಗ್ರಿಗೆ ಇಳಿಯುತ್ತದೆ. ಬೆಲೆ ಮಾತ್ರ ಕಡಿಮೆಯಲ್ಲ, 7 ಘನಮೀಟರಿಗೂ ಹೆಚ್ಚು ಹೀಲಿಯಂ ಬೇಕು. ಇನ್ನೊಂದು ದಾರಿ ಆಕಾರ ಬದಲಿಸುವುದು. 1944ರಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ ಕೈಟೂನ್, ಬಲೂನಿನ ತೇಲಿಕೆಗೆ ಗಾಳಿಪಟದ ಗುಣವನ್ನು ಬೆಸೆಯಿತು. ಗಾಳಿ ಬಲವಾದಷ್ಟೂ ಅದು ಮೇಲಕ್ಕೆಳೆಯುತ್ತದೆ. ಗಿಬ್ಸನ್ ಗರ್ಲ್‌ನ ಎರಡು ಸಾಧನಗಳು ಇದರಲ್ಲಿ ಒಂದಾದವು.

ಅನಿಲದ ಆಯ್ಕೆಯ ಬಗ್ಗೆ ನನಗೆ ಅನುಮಾನವಿಲ್ಲ. ಜಲಜನಕ ಹೀಲಿಯಂಗಿಂತ ಎತ್ತುವುದು ಶೇಕಡಾ 8ರಷ್ಟು ಹೆಚ್ಚು ಮಾತ್ರ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಾಗಲೆಲ್ಲ ಅದು ಹೊತ್ತಿಕೊಳ್ಳಬಲ್ಲುದು. ಕಾಲು ತರಂಗಾಂತರದ ತಂತಿಯಲ್ಲಿ ವೋಲ್ಟೇಜ್ ಅತಿ ಹೆಚ್ಚಿರುವುದು ಮೇಲಿನ ತುದಿಯಲ್ಲಿ, ಅಂದರೆ ಸರಿಯಾಗಿ ಬಲೂನಿನ ಬುಡದಲ್ಲಿ. ಹೀಲಿಯಂ ಇದ್ದರೂ ತಂತಿಯನ್ನು ಕೆಲವು ಮೀಟರ್ ಕೆಳಗೇ ಮುಗಿಸಿ, ಮೇಲೆ ನೈಲಾನ್ ದಾರ ಬಿಡುವುದು ಲೇಸು. ಎಳೆತದ ಹೊರೆಯನ್ನು ದಾರವೇ ಹೊರಬೇಕು, ತಂತಿ ಅದರ ಪಕ್ಕದಲ್ಲಿ ಸಡಿಲವಾಗಿರಬೇಕು. ಹಾರಿಸುವ ಮೊದಲು ವಿಮಾನಯಾನ ಅಧಿಕಾರಿಗಳ ಅನುಮತಿ ಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಉಳಿದದ್ದು ಆಕಾಶದ ವಿದ್ಯುತ್ತು. ಮೋಡವಿಲ್ಲದ ದಿನವೂ ನೆಲದ ಬಳಿ ಮೀಟರಿಗೆ ಸುಮಾರು 100 ವೋಲ್ಟ್‌ನ ಕ್ಷೇತ್ರವಿರುತ್ತದೆ. ನೆಲಕ್ಕೆ ಜೋಡಿಸದ ಎತ್ತರದ ತಂತಿ ಸಾವಿರಾರು ವೋಲ್ಟ್‌ಗೆ ಏರಬಹುದು. ಕರೆಂಟು ತೀರ ಅಲ್ಪವಾದ್ದರಿಂದ ತಂತಿಯ ಬುಡಕ್ಕೂ ಅರ್ತಿಂಗ್ ಕಂಬಿಗೂ ನಡುವೆ ಆರ್‌ಎಫ್ ಚೋಕನ್ನೋ ಕೆಲವು ಲಕ್ಷ ಓಮ್‌ಗಳ ರೆಸಿಸ್ಟರನ್ನೋ ಕೂಡಿಸಿದರೆ ಅದು ಹರಿದುಹೋಗುತ್ತದೆ. ಸೂಕ್ಷ್ಮವಾದ ಗ್ರಾಹಕ ಉಳಿಯುತ್ತದೆ. ಸಿಡಿಲಿಗೆ ಈ ಉಪಾಯ ಸಾಲದು. ಏಪ್ರಿಲ್, ಮೇ ತಿಂಗಳ ನಮ್ಮ ಸಂಜೆಗಳಲ್ಲಿ ದೂರದಲ್ಲಿ ಗುಡುಗು ಕೇಳಿದರೂ ಬಲೂನನ್ನು ಇಳಿಸಿಬಿಡಬೇಕು, ದಾರ ಸುತ್ತುವ ರಾಟೆಯನ್ನು ಅದಕ್ಕೆ ಮೊದಲೇ ಅಣಿ ಮಾಡಿಟ್ಟಿರಬೇಕು.