ಇಟ್ಟ ಗಂಟು ಕದ್ದ ಗಂಟಾಗುವುದು ಯಾವಾಗ?

ಪರವೂರಿಗೆ ಹೊರಟವರು ಒಡವೆಯ ಗಂಟನ್ನು ನಂಬಿಗಸ್ತರ ಮನೆಯಲ್ಲಿಟ್ಟು ಹೋಗುವುದು ಹಳೆಯ ರೂಢಿ. ಮರಳಿ ಬಂದು ಕೇಳಿದಾಗ 'ನಾಳೆ ಬನ್ನಿ' ಎಂಬ ಉತ್ತರ ಸಿಕ್ಕರೆ ಅದು ಬರೀ ವಿಳಂಬವೋ, ಕಳ್ಳತನವೋ?

ಈ ಪ್ರಶ್ನೆಯನ್ನು ಕೂಲಂಕಷವಾಗಿ ಚರ್ಚಿಸಿದ ಗ್ರಂಥಗಳಲ್ಲೊಂದು 'ಮಿತಾಕ್ಷರಾ'. ಯಾಜ್ಞವಲ್ಕ್ಯ ಸ್ಮೃತಿಯ ಮೇಲಿನ ಈ ವ್ಯಾಖ್ಯಾನವನ್ನು ವಿಜ್ಞಾನೇಶ್ವರ ರಚಿಸಿದ್ದು ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ರಾಜಧಾನಿ ಕಲ್ಯಾಣದಲ್ಲಿ. ಹುಮನಾಬಾದಿನಿಂದ ರಾಜೇಶ್ವರದ ಮಾರ್ಗವಾಗಿ ಹೋದರೆ ಸಿಗುವ ಇಂದಿನ ಬಸವಕಲ್ಯಾಣವೇ ಆ ಊರು. ಹಿಂದೂ ಕುಟುಂಬದ ಆಸ್ತಿ ಹಂಚಿಕೆಯ ವಿಷಯದಲ್ಲಿ ಪ್ರಸಿದ್ಧವಾದ ಈ ಗ್ರಂಥದಲ್ಲಿ ನಂಬಿ ಇಟ್ಟ ಸೊತ್ತಿನ ಪ್ರಕರಣವೂ ಇದೆ.

ಒಳಗೇನಿದೆಯೆಂದು ತಿಳಿಸದೆ ಪೆಟ್ಟಿಗೆಯಲ್ಲಿಟ್ಟು, ಮುದ್ರೆಯೊತ್ತಿ ಕೊಟ್ಟದ್ದು 'ಉಪನಿಧಿ'. ಎಣಿಸಿ ಕೊಟ್ಟದ್ದು 'ನಿಕ್ಷೇಪ'. ಉಪನಿಧಿಯನ್ನು ಕೊಟ್ಟಂತೆಯೇ ಮರಳಿಸಬೇಕು. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ಅದು ಹೋದರೆ ಇಟ್ಟುಕೊಂಡವನು ಹೊಣೆಯಲ್ಲ. ಆದರೆ ಒಡೆಯ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡಾಗ ಕಳೆದುಹೋದರೆ ಒಡೆಯನಿಗೆ ಅದರ ಬೆಲೆಯನ್ನೂ, ಅರಸನಿಗೆ ಅಷ್ಟೇ ದಂಡವನ್ನೂ ತೆರಬೇಕು. ಮನಬಂದಂತೆ ಬಳಸಿಕೊಂಡವನಿಗೆ ದಂಡ ಮಾತ್ರವಲ್ಲ, ಅದನ್ನು ವೃದ್ಧಿ ಸಹಿತ ಹಿಂದಿರುಗಿಸುವ ಹೊಣೆಯೂ ಉಂಟು. ಮನುಸ್ಮೃತಿ ಇನ್ನೂ ಕಠಿಣ. ಇಟ್ಟದ್ದನ್ನು ಕೊಡದವನನ್ನೂ, ಇಡದೆಯೇ ಕೇಳುವವನನ್ನೂ ಅದು ಕಳ್ಳರ ಸಾಲಿಗೆ ಸೇರಿಸುತ್ತದೆ.

ಇದೇ ತೊಡಕು ಇಂಗ್ಲೆಂಡಿನಲ್ಲೂ ತಲೆದೋರಿತು. ಅಲ್ಲಿ ಇನ್ನೊಬ್ಬರ ವಶದಿಂದ ತೆಗೆದುಕೊಂಡರೆ ಮಾತ್ರ ಕಳವು; ಒಡೆಯನೇ ಕೈಗೆ ಕೊಟ್ಟ ವಸ್ತುವನ್ನು ಕದಿಯುವುದೆಂತು? 1473ರಲ್ಲಿ, ಸೌತಾಂಪ್ಟನ್ನಿಗೆ ಸಾಗಿಸಬೇಕಿದ್ದ ಮೂಟೆಗಳನ್ನು ಒಡೆದು ಸರಕು ಲಪಟಾಯಿಸಿದವನ ಪ್ರಕರಣದಲ್ಲಿ ನ್ಯಾಯಾಧೀಶರು ಒಂದು ದಾರಿ ಕಂಡುಕೊಂಡರು: ಮೂಟೆ ಒಡೆದ ಕ್ಷಣದಿಂದ ಅದು ಕಳವು. ಕಲ್ಯಾಣದ ಮುದ್ರೆಯ ಪೆಟ್ಟಿಗೆಯನ್ನು ನೆನಪಿಸುವ ತೀರ್ಪಿದು.

1860ರ ಭಾರತೀಯ ದಂಡ ಸಂಹಿತೆ ಈ ಕಸರತ್ತನ್ನು ಬಿಟ್ಟು, ಕಳವಿಗೆ 378ನೇ ಕಲಮನ್ನೂ ನಂಬಿಕೆದ್ರೋಹಕ್ಕೆ 405ನೇ ಕಲಮನ್ನೂ ಬೇರೆಬೇರೆಯಾಗಿಯೇ ಇರಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವು ಕ್ರಮವಾಗಿ 303 ಮತ್ತು 316. ಮರಳಿಸಲು ತಡವಾಯಿತೆಂಬಷ್ಟಕ್ಕೇ ಅಪರಾಧವಾಗದು; ಅದು ಸಿವಿಲ್ ವ್ಯಾಜ್ಯ. ಸೊತ್ತನ್ನು ತನ್ನದಾಗಿಸಿಕೊಳ್ಳುವ, ಬಳಸಿಕೊಳ್ಳುವ ಅಥವಾ ಮಾರಿಬಿಡುವ ಅಪ್ರಾಮಾಣಿಕ ಉದ್ದೇಶ ರುಜುವಾತಾಗಬೇಕು.

ಹಳೆಯ ಸಂಹಿತೆಯಲ್ಲಿ ಸಾಮಾನ್ಯ ಕಳವಿಗೂ ನಂಬಿಕೆದ್ರೋಹಕ್ಕೂ ಗರಿಷ್ಠ ಮೂರು ವರ್ಷಗಳ ಸೆರೆವಾಸವಿತ್ತು. ಹೊಸದರಲ್ಲಿ ಮೊದಲ ಸಲದ ಕಳವಿಗೆ ಮೂರೇ ವರ್ಷ, ನಂಬಿಕೆದ್ರೋಹಕ್ಕೆ ಐದು. ಬಾಗಿಲು ಮುರಿಯದೆ, ಕೊಟ್ಟವರ ವಿಶ್ವಾಸವನ್ನಷ್ಟೇ ಮುರಿದು ಸೊತ್ತು ದಕ್ಕಿಸಿಕೊಂಡವನಿಗೆ ಹೆಚ್ಚಿನ ಶಿಕ್ಷೆ.